ಬದುವಿನ ಮೇಲಿನ ನಾಟಿ ಹಿಪ್ಪುನೇರಳೆ: ಗುರುತಿಸುವುದು, ಮರವಾಗಿ ಬೆಳೆಸುವುದು



‘ಕೊಳವೆ ಬಾವಿ ಬತ್ತಿ ಹೋಯಿತು, ಹಿಪ್ಪುನೇರಳೆ ತೋಟ ಕಿತ್ತುಹಾಕುವುದೇ ಸರಿಯೇ?’ ಎಂದು ಕೋಲಾರ, ಚಿಕ್ಕಬಳ್ಳಾಪುರ ಕಡೆಯ ರೈತರು ನಮ್ಮನ್ನು ಕೇಳುತ್ತಲೇ ಇರುತ್ತಾರೆ. ಸಾವಿರ ಅಡಿ ದಾಟಿ ಕೊರೆದರೂ ನೀರು ಸಿಗದ ಊರುಗಳು ಅಲ್ಲಿ ಹಲವಿವೆ. ಈ ಪ್ರಶ್ನೆಗೆ ಉತ್ತರ ಹೇಳುವ ಮುಂಚೆ ನಾನು ಅವರನ್ನು ಇನ್ನೊಂದು ಪ್ರಶ್ನೆ ಕೇಳುತ್ತೇನೆ: ನಿಮ್ಮ ಹೊಲದ ಬದುವಿನ ಮೇಲೋ, ಬಾವಿಯ ಪಕ್ಕದಲ್ಲೋ, ಹಿತ್ತಲಲ್ಲೋ ತಾತನ ಕಾಲದ ಹಿಪ್ಪುನೇರಳೆ ಮರ ಒಂದಾದರೂ ಉಳಿದಿದೆಯೇ? ಉಳಿದಿದ್ದರೆ ಅದು ಯಾವ ಜಾತಿಯದೆಂದು ನೋಡಿದ್ದೀರಾ? ಸಾಲು ತೋಟ ಒಣಗಿ ನಿಂತ ವರ್ಷದಲ್ಲೂ ಆ ಮರ ಚಿಗುರಿದ್ದರೆ, ಮುಂದಿನ ನಿಮ್ಮ ತೋಟದ ಬಿತ್ತನೆ ಕಡ್ಡಿ ಅದರಲ್ಲೇ ಇರಬಹುದು.

ಇಂಥ ಮರಗಳ ವಿಷಯದಲ್ಲಿ ನಾನೂ ಒಮ್ಮೆ ತಪ್ಪು ಸಲಹೆ ಕೊಟ್ಟವನೇ. ಸುಮಾರು ಹದಿನೈದು ವರ್ಷಗಳ ಹಿಂದೆ ಶ್ರೀನಿವಾಸಪುರ ತಾಲ್ಲೂಕಿನ ಒಬ್ಬ ಹಿರಿಯ ರೈತರ ಹೊಲಕ್ಕೆ ಹೋಗಿದ್ದೆ. ಎರಡು ಎಕರೆ ವಿ–1 ತೋಟ ಚೆನ್ನಾಗಿ ಬಂದಿತ್ತು. ಬದುವಿನ ಮೇಲೆ ಮೂವತ್ತರಷ್ಟು ಹಳೆಯ ನಾಟಿ ಮರಗಳು ಇದ್ದವು. ‘ಇವು ಜಾಗ ತಿನ್ನುತ್ತವೆ, ಎಲೆ ಚಿಕ್ಕದು, ತೆಗೆಸಿಬಿಡಿ’ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮಪ್ಪ ನೆಟ್ಟಿದ್ದು ಸಾರ್, ಅರ್ಧ ತೆಗೀತೀನಿ, ಅರ್ಧ ಇರಲಿ’ ಎಂದರು. ನಾಲ್ಕು ವರ್ಷಕ್ಕೆ ಬಾವಿ ನಿಂತಿತು. ಎರಡು ಎಕರೆ ಸಾಲು ತೋಟ ಬೇಸಿಗೆಯಲ್ಲಿ ಕಡ್ಡಿಯಾಯಿತು. ಉಳಿಸಿಕೊಂಡ ಅರ್ಧ ಮರಗಳ ಸೊಪ್ಪಿನಲ್ಲಿ ಅವರು ಮಳೆಗಾಲಕ್ಕೆ ಒಂದು ಸಣ್ಣ ಬೆಳೆ ಹುಳು ಸಾಕಿದರು. ಆಮೇಲೆ ಅವೇ ಮರಗಳ ಕಡ್ಡಿಯಿಂದ ಒಂದು ಎಕರೆ ಮರಗಡ್ಡಿ ತೋಟ ಎಬ್ಬಿಸಿದರು. ಕಡಿಸಿದ ಅರ್ಧದ ಲೆಕ್ಕ ಅವರು ನನ್ನ ಬಳಿ ಎಂದೂ ಎತ್ತಲಿಲ್ಲ.

ಹೆಸರಿನ ಗೊಂದಲ

ಹಿಪ್ಪುನೇರಳೆ ಎಂಬ ಹೆಸರಿನಲ್ಲಿ ನೇರಳೆ ಇದೆ, ಹಿಪ್ಪೆಯೂ ಇದ್ದಂತೆ ಕೇಳುತ್ತದೆ. ಆದರೆ ಈ ಮರ ಎರಡಕ್ಕೂ ಸಂಬಂಧಿಯಲ್ಲ. ಕೆಲವು ಕಡೆ ಇದನ್ನು ಕಂಬಳಿ ಗಿಡ ಎನ್ನುತ್ತಾರೆ. ರೇಷ್ಮೆ ಸಾಕುವ ಊರುಗಳಲ್ಲಿ ಬರಿಯ ‘ಸೊಪ್ಪು’ ಎಂದರೆ ಸಾಕು, ಇದೇ. ಇದರ ನಿಜವಾದ ಬಂಧುಗಳು ಹಲಸು, ಅತ್ತಿ, ಆಲ, ಅರಳಿ. ಇವುಗಳಂತೆ ಇದರಲ್ಲಿಯೂ ಎಲೆ ಚಿವುಟಿದರೆ ಬಿಳಿ ಹಾಲು ಬರುತ್ತದೆ.

ಭಾರತದಲ್ಲಿ ಹಿಪ್ಪುನೇರಳೆಯ ನಾಲ್ಕು ಪ್ರಭೇದಗಳನ್ನು ಮುಖ್ಯವಾಗಿ ಹೇಳುತ್ತಾರೆ. ಮೋರಸ್ ಇಂಡಿಕಾ ಮತ್ತು ಮೋರಸ್ ಆಲ್ಬಾ ಸಾಗುವಳಿಯಲ್ಲಿರುವಂಥವು. ಮೋರಸ್ ಸೆರ್ರಾಟಾ ಹಿಮಾಲಯದ ತಪ್ಪಲಿನ ದೊಡ್ಡ ಕಾಡುಮರ. ಮೋರಸ್ ಲೇವಿಗೇಟಾ ಬೆರಳುದ್ದದ ಹಣ್ಣು ಬಿಡುವ ಮರ. ಹಣ್ಣಿಗಾಗಿ ಇತ್ತೀಚೆಗೆ ನರ್ಸರಿಗಳಲ್ಲಿ ಮಾರುತ್ತಿರುವ ಉದ್ದ ಹಣ್ಣಿನ ಸಸಿಗಳು ಸಾಮಾನ್ಯವಾಗಿ ಈ ಗುಂಪಿನವು. ನಮ್ಮ ಹಳೆಯ ಮೈಸೂರು ಸೀಮೆಯ ರೈತರು ತಲೆತಲಾಂತರದಿಂದ ‘ನಾಟಿ’ ಎನ್ನುತ್ತಾ ಬಂದದ್ದು ಮೋರಸ್ ಇಂಡಿಕಾಕ್ಕೆ ಸೇರಿದ್ದು. ಪುಸ್ತಕಗಳಲ್ಲಿ ಇದಕ್ಕೆ ‘ಮೈಸೂರು ಲೋಕಲ್’ ಎಂದು ಹೆಸರು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನ ಕಾಲಕ್ಕೆ ಇಲ್ಲಿ ರೇಷ್ಮೆ ಬೇರೂರಿತು. ಅಲ್ಲಿಂದ ಸುಧಾರಿತ ತಳಿಗಳು ಬರುವ ತನಕ ಹುಳುವಿಗೆ ಬಹುಮಟ್ಟಿಗೆ ಈ ನಾಟಿ ಸೊಪ್ಪೇ ಆಹಾರವಾಗಿತ್ತು.

ಗುರುತಿಸುವುದು ಹೇಗೆ?

ಮೊದಲು ಅದು ಹಿಪ್ಪುನೇರಳೆಯೇ ಎಂದು ಖಚಿತ ಮಾಡಿಕೊಳ್ಳಿರಿ. ಎಲೆಗಳು ರೆಂಬೆಯ ಮೇಲೆ ಒಂದು ಈ ಕಡೆ, ಒಂದು ಆ ಕಡೆ ಬಂದಿರುತ್ತವೆ. ಅಂಚು ಗರಗಸದ ಹಲ್ಲಿನಂತೆ ಇರುತ್ತದೆ. ತೊಟ್ಟು ಎಲೆಗೆ ಸೇರುವ ಜಾಗದಿಂದಲೇ ಮೂರು ದಪ್ಪ ನರಗಳು ಹೊರಡುತ್ತವೆ. ಕೆಲವರು ಬೇಲಿಯ ಗರಗತ್ತಿಯನ್ನು ಹಿಪ್ಪುನೇರಳೆ ಎಂದುಕೊಳ್ಳುವುದುಂಟು. ಗರಗತ್ತಿಯ ಎಳೆಯ ಗಿಡದಲ್ಲೂ ಎಲೆ ಸೀಳಿರುತ್ತದೆ, ಹಾಲೂ ಬರುತ್ತದೆ. ಆದರೆ ಅದರ ಎಲೆ ಉಪ್ಪುಕಾಗದದಷ್ಟು ಒರಟು. ಅತ್ತಿಯ ಜಾತಿಯಾದ್ದರಿಂದ ಅದರಲ್ಲಿ ಚಿಗುರನ್ನು ಮುಚ್ಚಿದ್ದ ಪೊರೆ ಬಿದ್ದ ಮೇಲೆ ರೆಂಬೆಯ ಸುತ್ತ ಉಂಗುರದಂಥ ಗೆರೆ ಉಳಿಯುತ್ತದೆ. ಹಿಪ್ಪುನೇರಳೆಯ ರೆಂಬೆಯಲ್ಲಿ ಇಂಥ ಸುತ್ತುಗೆರೆ ಇರುವುದಿಲ್ಲ. ಕಾಯಿ ಇದ್ದರಂತೂ ಅನುಮಾನವೇ ಬೇಡ. ಗರಗತ್ತಿಯದು ಗೋಲಿಯಂಥ ಮುಚ್ಚಿದ ಕಾಯಿ. ಹಿಪ್ಪುನೇರಳೆಯದು ಸಣ್ಣ ಸಣ್ಣ ಮಣಿಗಳನ್ನು ಒಟ್ಟಿಗೆ ಅಂಟಿಸಿದಂಥ ಹಣ್ಣು.

ಹಿಪ್ಪುನೇರಳೆ ಎಂದಾದ ಮೇಲೆ, ಅದು ನಾಟಿಯೋ ಸುಧಾರಿತ ತಳಿಯೋ ಎಂಬ ಪ್ರಶ್ನೆ ಬರುತ್ತದೆ. ಇಲ್ಲಿ ಬಹಳ ಜನ ಎಡವುತ್ತಾರೆ. ನಾಟಿಯಲ್ಲಿ ಎಲೆಗಳು ಹೆಚ್ಚಾಗಿ ಸೀಳಿರುತ್ತವೆ, ನಡುನಡುವೆ ಸೀಳಿಲ್ಲದ ಎಲೆಗಳೂ ಅದೇ ರೆಂಬೆಯಲ್ಲಿ ಇರುತ್ತವೆ. ಎಲೆ ಚಿಕ್ಕದು, ತೆಳು, ಹೊಳಪು ಕಡಿಮೆ, ತುದಿ ಬಾಲದಂತೆ ಚೂಪಾಗಿ ನೀಳ. ಇದಕ್ಕೆ ಎದುರಾಗಿ, ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ 1997ರಲ್ಲಿ ಬಿಡುಗಡೆ ಮಾಡಿದ ವಿ–1ರ ಎಲೆ ಅಗಲ, ದಪ್ಪ, ಕಡುಹಸಿರು, ಹೊಳಪು, ಸೀಳಿರುವುದಿಲ್ಲ. ಎಸ್–36ರ ಎಲೆ ಹೃದಯದ ಆಕಾರದ್ದು, ತಿಳಿಹಸಿರು. ಚನ್ನಪಟ್ಟಣದ ಬಳಿಯ ಕಣ್ವದಲ್ಲಿ ನಾಟಿಯ ಬೀಜದ ಸಸಿಗಳಿಂದಲೇ ಆರಿಸಿ ತೆಗೆದ ಕಣ್ವ–2, ಅಂದರೆ ಎಂ–5ರಲ್ಲೂ ಎಲೆ ಸೀಳಿಲ್ಲ.

ಆದರೆ ಒಂದೇ ಎಲೆ ಕಿತ್ತು ತೀರ್ಮಾನ ಹೇಳಬೇಡಿರಿ. ಹಿಪ್ಪುನೇರಳೆಯ ಎಲೆ ವಯಸ್ಸಿಗೆ ತಕ್ಕಂತೆ ಬದಲಾಗುತ್ತದೆ. ಎಳೆಯ ಸಸಿಯಲ್ಲಿ, ಬುಡದಿಂದ ರಭಸವಾಗಿ ಎದ್ದ ಚಿಗುರಿನಲ್ಲಿ ಸೀಳು ಹೆಚ್ಚು. ಅದೇ ಮರದ ನೆತ್ತಿಯ ಹಳೆಯ ರೆಂಬೆಯಲ್ಲಿ ಸೀಳು ಕಡಿಮೆ. ಆದ್ದರಿಂದ ಕಟಾವಾಗಿ ಎರಡು ತಿಂಗಳಾದ, ಚೆನ್ನಾಗಿ ಬಿಸಿಲು ಬೀಳುವ ನಾಲ್ಕೈದು ರೆಂಬೆಗಳ ನಡುಭಾಗದ ಎಲೆಗಳನ್ನು ಒಟ್ಟಿಗೆ ಹರಡಿ ನೋಡಿರಿ.

ಹೆಣ್ಣು ಮರವಾದರೆ ಇನ್ನೊಂದು ಗುರುತಿದೆ. ಕಟಾವಾದ ಮರ ಚಿಗುರುವಾಗ ಎಲೆಯ ಜೊತೆಗೇ ಸಣ್ಣ ಹಸಿರು ಕಾಯಿಗೊಂಚಲು ಬರುತ್ತದೆ. ಅದನ್ನು ಬೆಳಕಿಗೆ ಹಿಡಿಯಿರಿ. ಮಣಿ ಮಣಿಯ ತುದಿಯಲ್ಲೂ ಕೂದಲೆಳೆಯಂತೆ ಉದ್ದಕ್ಕೆ ಎದ್ದು ನಿಂತ ಎಳೆಗಳು ಕಂಡರೆ ಅದು ಇಂಡಿಕಾ. ಎಳೆಗಳು ತೀರ ಗಿಡ್ಡವಾಗಿ, ಕಾಯಿ ಬೋಳಾಗಿ ಕಂಡರೆ ಆಲ್ಬಾ. ಸಸ್ಯಶಾಸ್ತ್ರಜ್ಞರು ಈ ಎರಡನ್ನು ಬೇರ್ಪಡಿಸುವುದೂ ಮುಖ್ಯವಾಗಿ ಇದೇ ಗುರುತಿನಿಂದ. ಸಣ್ಣ ಭೂತಗನ್ನಡಿ ಇದ್ದರೆ ಸಾಕು. ಹೈಸ್ಕೂಲಿಗೆ ಹೋಗುವ ಮಕ್ಕಳ ಕೈಗೆ ಕೊಟ್ಟರೆ ನಮಗಿಂತ ಬೇಗ ಹೇಳಿಬಿಡುತ್ತಾರೆ.

ಬೀಜದ ಗಿಡದ ಬಗ್ಗೆಯೂ ಎಚ್ಚರವಿರಲಿ. ಹಣ್ಣು ತಿಂದ ಪಿಕಳಾರ, ಗೊರವಂಕಗಳು ಬೇಲಿಯಲ್ಲಿ ಬೀಜ ಉದುರಿಸುತ್ತವೆ. ಅಲ್ಲಿ ಎದ್ದ ಗಿಡ ನಾಟಿಯಂತೆಯೇ ಸೀಳೆಲೆ ಬಿಟ್ಟರೂ ತಾಯಿಯ ಗುಣ ಪೂರ್ತಿ ಬಂದಿರುವುದಿಲ್ಲ. ಪಕ್ಕದಲ್ಲಿ ವಿ–1 ತೋಟವಿದ್ದರೆ ಅದರ ಪರಾಗವೂ ಬೆರೆತಿರುತ್ತದೆ. ಒಂದು ಗಿಡ ಚೆನ್ನಾಗಿ ಬಂದೀತು, ಮತ್ತೊಂದು ಕಡ್ಡಿಯಂತೆ ನಿಂತೀತು. ಹಿರಿಯರು ನೆಟ್ಟದ್ದು, ಹತ್ತಾರು ವರ್ಷ ಹುಳುವಿಗೆ ಸೊಪ್ಪು ಕೊಟ್ಟದ್ದು ಎಂದು ಮನೆಯವರಿಗೆ ಗೊತ್ತಿರುವ ಮರದಿಂದಲೇ ಕಡ್ಡಿ ತೆಗೆಯತಕ್ಕದ್ದು.

ನಾಟಿ ಯಾರಿಗೆ, ಯಾರಿಗಲ್ಲ?

ನಾಟಿಯನ್ನು ಹೊಗಳಿ ನಿಮ್ಮನ್ನು ನಷ್ಟಕ್ಕೆ ದೂಡುವ ಉದ್ದೇಶ ನನಗಿಲ್ಲ. ನೀರಾವರಿಯಲ್ಲಿ ಎಲೆ ಇಳುವರಿಯಲ್ಲಿ ನಾಟಿ ವಿ–1ರ ಹತ್ತಿರಕ್ಕೂ ಬರುವುದಿಲ್ಲ. ನೀರಿದ್ದವರು, ಹನಿ ನೀರಾವರಿ ಮಾಡಬಲ್ಲವರು, ದ್ವಿತಳಿ ಹುಳು ಸಾಕುವವರು ವಿ–1 ಅನ್ನೇ ಬೆಳೆಯಲಿ. ಅದನ್ನೂ ಮರಗಡ್ಡಿಯಾಗಿ ಬೆಳೆಸಲು ಅಡ್ಡಿಯಿಲ್ಲ. ಮಳೆಯಾಶ್ರಯಕ್ಕೆಂದು ಕೆಂಪು ಮಣ್ಣಿಗೆ ಎಸ್–13, ಕಪ್ಪು ಮಣ್ಣಿಗೆ ಎಸ್–34 ತಳಿಗಳೂ ಇವೆ. ನಾಟಿಯ ಜಾಗ ಬೇರೆ. ವರ್ಷಕ್ಕೆ 700 ಮಿ.ಮೀ. ಆಸುಪಾಸಿನ ಮಳೆ, ಕೆಂಪು ಗರಸು ಮಣ್ಣು, ನೆಚ್ಚಿಕೊಳ್ಳಲು ಬಾವಿಯಿಲ್ಲ, ಕೂಲಿಗೆ ಜನ ಕಡಿಮೆ, ಇಂಥ ಹೊಲ ಅದರದು. ಕುಣಿಗಲ್, ಮಾಗಡಿ ಕಡೆ ಹಳದಿ–ಹಸಿರು ಬಣ್ಣದ ಗೂಡು ಕಟ್ಟುವ ಶುದ್ಧ ಮೈಸೂರು ಹುಳುವನ್ನು ಬಿತ್ತನೆಗಾಗಿ ಸಾಕುವವರಿಗೂ ಈ ಸೊಪ್ಪು ಹೊಸದಲ್ಲ. ಮಿಶ್ರತಳಿ ಮೊಟ್ಟೆಗೆ ತಾಯಿಯಾಗುವುದು ಆ ಹುಳುವೇ.

ನೀರಿನ ಲೆಕ್ಕ ಒಂದನ್ನು ಮಾಡಿ ನೋಡೋಣ. ಸಾಲು ತೋಟಕ್ಕೆ ಒಂದು ಸಲ ಕನಿಷ್ಠ ಒಂದೂವರೆ ಎಕರೆ–ಅಂಗುಲ ನೀರು ಹಾಯಿಸಬೇಕು. ಅಂದರೆ ಎಕರೆಗೆ ಒಂದೂವರೆ ಲಕ್ಷ ಲೀಟರ್. ಅದೂ ಎಂಟು–ಹತ್ತು ದಿನಕ್ಕೊಮ್ಮೆ. ಹತ್ತು ಅಡಿಗೆ ಹತ್ತು ಅಡಿಯಂತೆ ನೆಟ್ಟ ಮರಗಡ್ಡಿಯಲ್ಲಿ ಎಕರೆಗೆ 435 ಮರ. ಕಡು ಬೇಸಿಗೆಯಲ್ಲಿ ಮರಕ್ಕೆ 40 ಲೀಟರ್‌ನಂತೆ ಬುಡಕ್ಕೆ ಹಾಕಿದರೂ ಒಂದು ಸಲಕ್ಕೆ 17,400 ಲೀಟರ್ ಆಯಿತು. ಐದು ಸಾವಿರ ಲೀಟರಿನ ನಾಲ್ಕು ಟ್ಯಾಂಕರ್ ನೀರೂ ಬೇಡ. ಬೇರು ಆಳಕ್ಕೆ ಇಳಿದ ಮೇಲೆ, ಅಂದರೆ ನಾಲ್ಕನೆಯ ವರ್ಷದಿಂದ, ಸಾಧಾರಣ ಮಳೆಯ ವರ್ಷದಲ್ಲಿ ಇದೂ ಬೇಕಾಗುವುದಿಲ್ಲ. ಸಾಲು ತೋಟದಲ್ಲಿ ಎಕರೆಗೆ ಐದು ಸಾವಿರದಷ್ಟು ಗಿಡಗಳು ಮೇಲಿನ ಎರಡು ಅಡಿ ಮಣ್ಣಿನ ತೇವಕ್ಕಾಗಿ ಕಿತ್ತಾಡುತ್ತವೆ. ಮರಕ್ಕೆ ನೂರು ಚದರಡಿ ನೆಲ ಸಿಗುತ್ತದೆ, ಆಳದ ಮಣ್ಣೂ ಸಿಗುತ್ತದೆ. ಬರದಲ್ಲಿ ಮರ ಉಳಿದು ಸಾಲು ಒಣಗುವುದಕ್ಕೆ ಕಾರಣ ಇದು. ಇದರಲ್ಲಿ ತಳಿಯ ಪಾಲಿಗಿಂತ ಅಂತರದ ಪಾಲೇ ದೊಡ್ಡದೆಂದು ನನ್ನ ಅಭಿಪ್ರಾಯ. ನಾಟಿಯನ್ನೂ ಒತ್ತೊತ್ತಾಗಿ ನೆಟ್ಟರೆ ಅದೂ ಒಣಗುತ್ತದೆ.

ಕಡ್ಡಿ ಮತ್ತು ಸಸಿಮಡಿ

ಮರಗಡ್ಡಿ ತೋಟಕ್ಕೆ ಕಡ್ಡಿಯನ್ನು ನೇರವಾಗಿ ಗುಂಡಿಗೆ ಚುಚ್ಚಬಾರದು. ಐದಾರು ಅಡಿ ಎತ್ತರದ ಸಸಿ ಬೇಕು. ಅಂಥ ಸಸಿಗೆ ಎಂಟು–ಹತ್ತು ತಿಂಗಳು ಹಿಡಿಯುತ್ತದೆ. ಜೂನ್–ಜುಲೈ ಮಳೆಗೆ ನೆಡಬೇಕಾದರೆ ಹಿಂದಿನ ಸೆಪ್ಟೆಂಬರ್‌ನಲ್ಲೇ ಸಸಿಮಡಿ ಹಾಕಬೇಕು. ಮುಂಗಾರು ಬಂದ ಮೇಲೆ ಎಚ್ಚೆತ್ತು ಸಸಿ ಹುಡುಕಲು ಹೋದವರಿಗೆ ಯಾವುದೋ ಕಲಬೆರಕೆ ಕಡ್ಡಿ ಸಿಗುತ್ತದೆ.

ತಾಯಿ ಮರದಿಂದ ಆರರಿಂದ ಎಂಟು ತಿಂಗಳು ಬಲಿತ, ಸೀಸದ ಕಡ್ಡಿಯಷ್ಟು ದಪ್ಪದ, ರೋಗವಿಲ್ಲದ ರೆಂಬೆ ಆರಿಸಿರಿ. ತುದಿಯ ಎಳೆಯ ಭಾಗವನ್ನೂ ಬುಡದ ತೀರ ದಪ್ಪ ಭಾಗವನ್ನೂ ಬಿಟ್ಟು, ಮೂರು–ನಾಲ್ಕು ಕಣ್ಣು ಇರುವ ಗೇಣುದ್ದದ ತುಂಡುಗಳನ್ನಾಗಿ ಹರಿತವಾದ ಕತ್ತಿಯಿಂದ ಕತ್ತರಿಸಿರಿ. ಸಿಪ್ಪೆ ಸುಲಿಯಬಾರದು, ತುದಿ ಜಜ್ಜಬಾರದು. ಕತ್ತರಿಸಿದ ದಿನವೇ ನೆಡುವುದು ಒಳ್ಳೆಯದು. ಆಗದಿದ್ದರೆ ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಿನಲ್ಲಿ ಇಡಿರಿ. ನಾಟಿಯ ಒಂದು ದೊಡ್ಡ ಗುಣವೆಂದರೆ ಕಡ್ಡಿ ಸುಲಭವಾಗಿ ಬೇರೂರುತ್ತದೆ.

ಮಡಿಯನ್ನು ಒಂದು ಅಡಿ ಆಳ ಅಗೆದು, ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ನೀರು ನಿಲ್ಲದಂತೆ ಏರಿಸಿರಿ. ಕಡ್ಡಿಯನ್ನು ಸ್ವಲ್ಪ ಓರೆಯಾಗಿ, ಕಣ್ಣು ಮೇಲ್ಮುಖವಾಗಿರುವಂತೆ, ಒಂದೇ ಕಣ್ಣು ಮಣ್ಣಿನ ಮೇಲೆ ಉಳಿಯುವಂತೆ ಊರಿರಿ. ತಲೆಕೆಳಗಾಗಿ ಊರಿ ‘ಕಡ್ಡಿ ಸರಿಯಿಲ್ಲ’ ಎಂದವರನ್ನೂ ನೋಡಿದ್ದೇನೆ! ಸಾಮಾನ್ಯ ಸಸಿಗೆ ಅರ್ಧ ಅಡಿ ಅಂತರ ಸಾಕಾದರೂ, ಮರಗಡ್ಡಿ ಸಸಿಗೆ ಕಡ್ಡಿಯಿಂದ ಕಡ್ಡಿಗೆ ಒಂದು ಅಡಿ ಬಿಡಿರಿ, ಕಾಂಡ ದಪ್ಪವಾಗುತ್ತದೆ. ಎರಡು ಚಿಗುರು ಬಂದರೆ ಬಲವಾದ ಒಂದನ್ನು ಮಾತ್ರ ಉಳಿಸಿ, ಪಕ್ಕದ ರೆಂಬೆಗಳನ್ನು ಚಿವುಟುತ್ತಾ ನೇರವಾಗಿ ಬೆಳೆಸಿರಿ. ಒಂದು ಎಕರೆಗೆ ಬೇಕಾಗುವ ಸಸಿ ಐನೂರಕ್ಕಿಂತ ಕಡಿಮೆ. ಸಾಯುವುದನ್ನು ಲೆಕ್ಕಹಿಡಿದು ಏಳುನೂರು ಕಡ್ಡಿ ಊರಿದರೂ ಎರಡು ಸೆಂಟು ಜಾಗ ಸಾಕು. ಹಿತ್ತಲಿನ ಬಚ್ಚಲು ನೀರು, ಕೊಡದ ನೀರಿನಲ್ಲೇ ಬೆಳೆಯುತ್ತದೆ.

ನೆಡುವುದು, ಮರ ಕಟ್ಟುವುದು

ಮೇ ತಿಂಗಳಲ್ಲೇ ಎರಡು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಬಿಸಿಲಿಗೆ ಬಿಡಿರಿ. ಒಳಗೆ ಗಟ್ಟಿ ಪದರ ಸಿಕ್ಕರೆ ಹಾರೆಯಿಂದ ಒಡೆಯದೆ ಬಿಡಬೇಡಿರಿ. ಬೇರು ಅಲ್ಲಿ ತಡೆದರೆ ಮರಗಡ್ಡಿ ಮಾಡಿದ್ದೇ ವ್ಯರ್ಥ. ಹತ್ತು ಕಿಲೋ ಕೊಟ್ಟಿಗೆ ಗೊಬ್ಬರವನ್ನು ಮೇಲ್ಮಣ್ಣಿಗೆ ಬೆರೆಸಿ ತುಂಬಿ, ಒಂದೆರಡು ಹದಮಳೆ ಆದ ಮೇಲೆ ಸಸಿ ನೆಟ್ಟು, ಗೂಟ ಕೊಟ್ಟು ಕಟ್ಟಿರಿ. ಸುತ್ತ ಪಾತಿ ಮಾಡಿ ತರಗು ಹೊದಿಸಿರಿ. ಮೊದಲ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಸಸಿಗೆ ಹತ್ತು–ಹದಿನೈದು ಲೀಟರ್ ನೀರು ಕೊಡಲೇಬೇಕು. ಇಲ್ಲಿ ಕೈಬಿಟ್ಟರೆ ಮತ್ತೆ ಮೊದಲಿನಿಂದ. ಮೇಕೆಗೆ ಈ ಎಲೆ ಎಂದರೆ ಪ್ರಾಣ; ಆದ್ದರಿಂದ ಮೊದಲ ಎರಡು ವರ್ಷ ಮುಳ್ಳುಬೇಲಿ ಬೇಕೇ ಬೇಕು.

ಸಸಿ ಚೆನ್ನಾಗಿ ಹಿಡಿದ ಮೇಲೆ ನೆಲದಿಂದ ನಾಲ್ಕರಿಂದ ಐದು ಅಡಿ ಎತ್ತರದಲ್ಲಿ ತುದಿ ಕತ್ತರಿಸಿರಿ. ಬರುವ ಚಿಗುರುಗಳಲ್ಲಿ ಬೇರೆ ಬೇರೆ ದಿಕ್ಕಿಗೆ ಹೋಗುವ ಮೂರು–ನಾಲ್ಕನ್ನು ಉಳಿಸಿ, ಮಿಕ್ಕವನ್ನು ಕೈಯಲ್ಲೇ ತೆಗೆಯಿರಿ. ಮುಂದಿನ ವರ್ಷ ಆ ರೆಂಬೆಗಳನ್ನು ಒಂದು ಅಡಿ ಬಿಟ್ಟು ಕತ್ತರಿಸಿ, ಒಂದೊಂದರಲ್ಲಿ ಎರಡು–ಮೂರು ಚಿಗುರು ಬಿಟ್ಟರೆ ಮರಕ್ಕೆ ನೆತ್ತಿ ಕಟ್ಟುತ್ತದೆ. ಆಮೇಲೆ ಪ್ರತಿವರ್ಷ ಮುಂಗಾರು ಹಿಡಿದಾಗ ಆ ನೆತ್ತಿಯ ಮಟ್ಟಕ್ಕೇ ಸವರಬೇಕು. ಮಚ್ಚಿನಲ್ಲಿ ಕಡಿದರೆ ತೊಗಟೆ ಸೀಳಿ, ನೀರು ಇಳಿದು, ಒಳಗೆ ಕೊಳೆ ಹಿಡಿಯುತ್ತದೆ. ಹಳೆಯ ಮರಗಳು ಟೊಳ್ಳಾಗಿ ಸಾಯುವುದು ಬಹಳ ಕಡೆ ಹೀಗೆಯೇ. ಸಣ್ಣ ಗರಗಸ ಅಥವಾ ಕತ್ತರಿ ಬಳಸಿರಿ. ದಪ್ಪ ಗಾಯಕ್ಕೆ ಬೋರ್ಡೋ ಮುಲಾಮು ಸವರಿರಿ. ಮೊದಲ ವರ್ಷ ಸೊಪ್ಪು ಕೀಳುವ ಆಸೆ ಬೇಡ.

ಮರಗಳ ನಡುವಿನ ಜಾಗ ಮೊದಲ ಎರಡು ವರ್ಷ ನಿಮ್ಮದೇ. ಹುರುಳಿ, ಅಲಸಂದೆ, ಕಡಲೆಕಾಯಿ ಹಾಕಿರಿ. ಮುಸುಕಿನ ಜೋಳದಂಥ ಎತ್ತರದ ಬೆಳೆ ಬೇಡ. ಆಮೇಲೆ ಮುಂಗಾರಿಗೆ ಸೆಣಬು ಬಿತ್ತಿ ಹೂ ಬರುವ ಮುಂಚೆ ಮಣ್ಣಿಗೆ ಸೇರಿಸುವುದು ಲೇಸು.

ಮಳೆಯಾಶ್ರಯದ ತೋಟಕ್ಕೆ ಹೆಕ್ಟೇರಿಗೆ ವರ್ಷಕ್ಕೆ ಹತ್ತು ಟನ್ ಕೊಟ್ಟಿಗೆ ಗೊಬ್ಬರದ ಜೊತೆ 100 ಕಿಲೋ ಸಾರಜನಕ, 50 ಕಿಲೋ ರಂಜಕ, 50 ಕಿಲೋ ಪೊಟ್ಯಾಷ್ ಶಿಫಾರಸು ಇದೆ. ಇದನ್ನು ಮರದ ಲೆಕ್ಕಕ್ಕೆ ತಂದರೆ, ಬೆಳೆದ ಒಂದು ಮರಕ್ಕೆ ಹತ್ತು ಕಿಲೋ ಕೊಟ್ಟಿಗೆ ಗೊಬ್ಬರ, 200 ಗ್ರಾಂ ಯೂರಿಯಾ, 290 ಗ್ರಾಂ ಸೂಪರ್ ಫಾಸ್ಫೇಟ್, 75 ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಆಗುತ್ತದೆ. ಯೂರಿಯಾವನ್ನು ಎರಡು ಕಂತಿನಲ್ಲಿ, ಸವರಿದ ಮೇಲೆ ಒಮ್ಮೆ, ಹಿಂಗಾರಿಗೆ ಮತ್ತೊಮ್ಮೆ, ನೆಲದಲ್ಲಿ ಹದವಿರುವಾಗ ಕಾಂಡದಿಂದ ಎರಡು ಅಡಿ ದೂರ ಸುತ್ತಲೂ ಹಾಕಿ ಮಣ್ಣು ಮುಚ್ಚಿರಿ. ಮಣ್ಣು ಪರೀಕ್ಷೆ ಮಾಡಿಸಿದವರು ಆ ವರದಿಯಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಲಿ.

ಸೊಪ್ಪಿನ ಲೆಕ್ಕ ಮತ್ತು ಹುಳು

ಮೊಟ್ಟೆ ತರುವ ಮುಂಚೆ ಸೊಪ್ಪು ತೂಗಿರಿ. ಹೊಲದ ಬೇರೆ ಬೇರೆ ಮೂಲೆಯ ಐದು ಮರಗಳ ಎಲೆ ಬಿಡಿಸಿ ತೂಗಿ, ಸರಾಸರಿಯನ್ನು ಮರಗಳ ಸಂಖ್ಯೆಯಿಂದ ಗುಣಿಸಿದರೆ ಸಾಕು. ಮಿಶ್ರತಳಿಯ ನೂರು ಮೊಟ್ಟೆಗೆ ಸುಮಾರು 800ರಿಂದ 1,000 ಕಿಲೋ ಸೊಪ್ಪು ಬೇಕು. ಮರಕ್ಕೆ ಎರಡು ಕಿಲೋ ಬಂದರೆ 435 ಮರದಿಂದ 870 ಕಿಲೋ, ಅಂದರೆ ನೂರು ಮೊಟ್ಟೆಗೆ ಸರಿಹೋಗುವಷ್ಟು. ಒಂದು ಕಿಲೋ ಬಂದರೆ ಐವತ್ತಕ್ಕಿಂತ ಹೆಚ್ಚು ಮೊಟ್ಟೆ ತರಬೇಡಿರಿ. ನಾಲ್ಕನೇ ಜ್ವರ ಕಳೆದು ಹುಳು ಹಸಿದು ನಿಂತಾಗ ಸೊಪ್ಪು ಸಾಲದೆ ಊರೂರು ಅಲೆಯುವ ಕಷ್ಟ ನಿಮಗೆ ಹೇಳಬೇಕಾಗಿಲ್ಲ. ಮಳೆಯಾಶ್ರಯದ ಮರದ ಎಲೆ ಬೇಗ ಬಲಿಯುವುದರಿಂದ ಚಾಕಿ ಹುಳುವಿಗೆ ಅಷ್ಟು ಹೊಂದುವುದಿಲ್ಲ. ಎರಡನೇ ಜ್ವರ ಕಳೆದ ಹುಳುವನ್ನು ಚಾಕಿ ಸಾಕಣೆ ಕೇಂದ್ರದಿಂದ ತಂದು, ದೊಡ್ಡ ಹುಳುವಿಗೆ ಈ ಸೊಪ್ಪು ಹಾಕುವುದು ಉತ್ತಮ.

ಪೀಡೆಗಳಲ್ಲಿ ಮರಕ್ಕೆ ಕಾಂಡಕೊರಕದ ಕಾಟ ಸಾಲು ತೋಟಕ್ಕಿಂತ ಹೆಚ್ಚು. ಬುಡದಲ್ಲಿ ಮರದ ಪುಡಿ ಉದುರಿದ್ದರೆ ತೂತು ಹುಡುಕಿ, ತಂತಿಯ ಕೊಕ್ಕೆಯಿಂದ ಹುಳುವನ್ನು ಎಳೆದು ಕೊಂದು, ತೂತಿಗೆ ಜೇಡಿಮಣ್ಣು ಮೆತ್ತಿರಿ. ತುಕ್ರ ಬಂದು ಮುದುಡಿದ ತುದಿಗಳನ್ನು ಚಿವುಟಿ ಸುಡಬೇಕು. ಅದನ್ನು ತರುವ ಹಿಟ್ಟು ತಿಗಣೆಯನ್ನು ಗುಲಗಂಜಿ ಹುಳು ತಿನ್ನುತ್ತದೆ, ಅದನ್ನು ಕೊಲ್ಲಬೇಡಿರಿ.

ಮರದ ಮೇಲೆ ಬಂದ ಪೀಡೆಗಿಂತ ಪಕ್ಕದ ಹೊಲದಿಂದ ಗಾಳಿಯಲ್ಲಿ ಬರುವ ವಿಷಕ್ಕೆ ನಾನು ಹೆಚ್ಚು ಹೆದರುತ್ತೇನೆ. ಶ್ರೀನಿವಾಸಪುರದ ಕಡೆ ಮಾವು ಹೂ ಬಿಡುವ ಜನವರಿ–ಫೆಬ್ರುವರಿಯಲ್ಲಿ ಸಿಂಪರಣೆ ಜೋರಾಗಿ ನಡೆಯುತ್ತದೆ. ಬದುವಿನ ಮರಕ್ಕೆ ಆ ಔಷಧಿ ತಾಗಿದರೆ ಹುಳು ವಾಂತಿ ಮಾಡಿಕೊಂಡು ಒಂದೇ ದಿನದಲ್ಲಿ ತಟ್ಟೆ ಖಾಲಿಯಾಗುತ್ತದೆ. ಮಾವಿನ ತೋಟಕ್ಕೂ ಹೊಗೆಸೊಪ್ಪಿನ ಹೊಲಕ್ಕೂ ಅಂಟಿಕೊಂಡ ಬದುವಿನಲ್ಲಿ ಹೊಸ ಮರ ನೆಡಬೇಡಿರಿ. ಈಗಾಗಲೇ ಇದ್ದರೆ ಪಕ್ಕದವರು ಯಾವ ದಿನ ಹೊಡೆಯುತ್ತಾರೆಂದು ಕೇಳಿ ತಿಳಿದುಕೊಂಡು, ಆ ಸಾಲಿನ ಸೊಪ್ಪನ್ನು ದನಕ್ಕೂ ಹಾಕದೆ ಬಿಡಿರಿ.

ನಿಮ್ಮ ಮರ ನಾಟಿಯೋ ಅಲ್ಲವೋ ಎಂಬ ಅನುಮಾನ ಉಳಿದರೆ, ಕಾಯಿ ಇರುವ ಒಂದು ರೆಂಬೆ, ನಡುಭಾಗದ ಹತ್ತು ಎಲೆ, ಬುಡದ ಚಿಗುರಿನ ಎರಡು ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ರೇಷ್ಮೆ ಇಲಾಖೆಯ ತಾಂತ್ರಿಕ ಸೇವಾ ಕೇಂದ್ರಕ್ಕೋ ಅದೇ ದಿನ ತೆಗೆದುಕೊಂಡು ಹೋಗಿರಿ. ಮರ ಎಷ್ಟು ವರ್ಷದ್ದು, ಯಾರು ನೆಟ್ಟದ್ದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡರೆ ನೋಡುವವರಿಗೆ ಅನುಕೂಲ. ಹಾಗೆಯೇ, ಈ ವರ್ಷ ಕಡ್ಡಿ ತೆಗೆಯುವ ಮರಕ್ಕೆ ಈಗಲೇ ಸುಣ್ಣದ ಗುರುತು ಹಾಕಿ, ಅದರ ಎರಡು ದೊಡ್ಡ ರೆಂಬೆಗಳನ್ನು ಸೆಪ್ಟೆಂಬರ್ ತನಕ ಸವರದೆ ಬಿಡಿರಿ.